ಬಾಯಿ ತುಂಬ ನೀರು

ಗಿಟಾರಿನ ನೆಕ್ಕು, ಅಂದರೆ ಉದ್ದನೆಯ ಕತ್ತಿನೊಳಗಿನ ಉಕ್ಕಿನ ಕಂಬಿ ಬಿಗಿಯುವಾಗ ಹತ್ತಿರ ಆಡಿದ ಮಾತನ್ನೆಲ್ಲ ಮರ ಹಿಡಿದಿಟ್ಟುಕೊಳ್ಳುತ್ತದೆ. ಕಂಬಿ ಸಡಿಲಿಸಿದಾಗ ಆಡಿಬಿಡುತ್ತದೆ. ಅದಕ್ಕೇ ರಿಪೇರಿಯವರೆಲ್ಲ ಬಾಯಿ ತುಂಬ ನೀರು ತುಂಬಿಕೊಂಡು ಬಿಗಿಯುವುದು. ಈ ಶಿಸ್ತಿನಲ್ಲಿ ಮೈಸೂರಿಗೆಲ್ಲ ತಾನೇ ಸೈ ಎಂದು ಚಂದ್ರಿಕಾಳಿಗೆ ಒಳಗೊಳಗೇ ಜಂಭವಿತ್ತು.

ಆ ಬೆಳಿಗ್ಗೆ ಆರ್ಕೆಸ್ಟ್ರಾದ ಡೇವಿಡಪ್ಪ ಮೇಸ್ಟ್ರು ತಮ್ಮ ಬೇಸ್ ಗಿಟಾರನ್ನು ಮತ್ತೆ ಅವಳ ರಿಪೇರಿ ಅಂಗಡಿಗೆ ತಂದಿದ್ದರು. ನೆಕ್ಕು ಬಾಗಿ ತಂತಿಗಳು ಎತ್ತರಕ್ಕೆ ನಿಂತಿದ್ದವು. ಒತ್ತಿದರೆ ಬೆರಳು ನೋಯುತ್ತಿತ್ತಂತೆ. ಬಿಗಿಯುವ ಮೊದಲು ಹದ ನೋಡಲು ಅವಳು ನೆಕ್ಕಿನ ತುದಿಗೆ ಅಲೆನ್ ಕೀ ತೂರಿಸಿ ಕಂಬಿಯನ್ನು ಸ್ವಲ್ಪ ಸಡಿಲಿಸಿದಳು. ಮರ ಅವಳದೇ ದನಿಯಲ್ಲಿ ಮಾತಾಡಿತು.

“ಈ ಮುದುಕಂಗೆ ತಂತಿ ಎಷ್ಟು ಇಳಿಸಿಕೊಟ್ರೂ ಅಷ್ಟೇ ಕಣೇ. ಕೈ ಸತ್ತೋಗಿದೆ, ಸ್ಟೇಜ್ ಬಿಡೋಕೆ ಮನಸಿಲ್ಲ.” ಆಮೇಲೆ ನಗು.

ಹೋದ ಸಲ ಇದೇ ಗಿಟಾರನ್ನು ಬಿಗಿಯುವಾಗ ತಂಗಿಯ ಫೋನು ಬಂದಿತ್ತು, ಮಾತಿನ ಭರದಲ್ಲಿ ಬಾಯಿಗೆ ನೀರು ತುಂಬಿಕೊಳ್ಳಲು ಮರೆತಿದ್ದಳು. ಚಂದ್ರಿಕಾಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಮೇಸ್ಟ್ರೇ, ಅದು...”

ಡೇವಿಡಪ್ಪ ಬೆಂಚಿನ ಮೇಲಿದ್ದ ನೀರಿನ ಲೋಟವನ್ನು ಅವಳ ಕಡೆ ಸರಿಸಿದರು.

“ಮೊದಲು ಬಿಗಿ ಮಾಡಮ್ಮ. ತಂತಿ ಇನ್ನೊಂಚೂರು ಕೆಳಗಿರ್ಲಿ. ನನ್ನ ಕೈ ಹೆಂಗಿದೆ ಅಂತ ನಿಂಗೆ ಗೊತ್ತಲ್ಲ.”

ಅವಳು ಬಾಯಿಗೆ ನೀರು ತುಂಬಿಕೊಂಡು, ಹದ ನೋಡಿ ಬಿಗಿದಳು. ತಂತಿಗಳನ್ನು ಆದಷ್ಟೂ ಇಳಿಸಿದಳು. ಮೇಸ್ಟ್ರು ಒಂದು ಸ್ವರ ಮೀಟಿ ನೋಡಿ, ತಲೆಯಾಡಿಸಿ, ಗಿಟಾರನ್ನು ಹೆಗಲಿಗೇರಿಸಿ ಹೊರಟರು. ಅವರು ಬೀದಿಯ ತಿರುವು ದಾಟಿ ಕಣ್ಮರೆಯಾದ ಮೇಲೂ ಆ ನೀರು ಅವಳ ಬಾಯಲ್ಲೇ ಇತ್ತು.