ಹುಣಸೆಯ ಬೇರು

ಆ ಮನೆಯವರು ತಮ್ಮ ಹಳೆಯ ಹುಣಸೆ ಬೋನ್ಸಾಯ್‌ಗೆ ಹೊಸ ಕುಂಡ, ಹೊಸ ರೂಪ ಬೇಕೆಂದು ನನ್ನನ್ನು ಕರೆಸಿದ್ದರು. ಮರವನ್ನು ಕುಂಡದಿಂದ ಎಬ್ಬಿಸಿ, ಬೇರಿನ ಮಣ್ಣನ್ನು ಕಡ್ಡಿಯಿಂದ ಬಿಡಿಸುತ್ತಿದ್ದೆ.

"ಬೇರನ್ನೆಲ್ಲ ಕತ್ತರಿಸಿಬಿಡಿ," ಅಂದ ಯಜಮಾನ.

"ಮೂರರಲ್ಲಿ ಒಂದು ಪಾಲು ತೆಗೀಬೋದು ಸ್ವಾಮಿ. ಎಲ್ಲಾ ತೆಗೆದ್ರೆ ವಾರದಲ್ಲಿ ಒಣಗೋಗತ್ತೆ."

"ಒಣಗ್ಲಿ."

ನಲವತ್ತು ವರ್ಷ ಇದೇ ಕೆಲಸ ಮಾಡಿ ಪಳಗಿದ ಬಾಯಿ ನನ್ನದು, ಸುಮ್ಮನಿರಲಿಲ್ಲ. "ಅದಕ್ಕೆ ನಾನ್ಯಾಕೆ? ಒಲೆಗೆ ಹಾಕ್ಬೋದಿತ್ತಲ್ಲ!"

ಅವನು ಒಳಕೋಣೆಯತ್ತ ನೋಡಿ ದನಿ ತಗ್ಗಿಸಿದ. "ಈ ಮರ ಒಣಗಿದ್ರೆ ಮನೇಲೊಂದು ಜೀವ ಹೋಗತ್ತೆ ಅಂತ ಅಮ್ಮ ಯಾವಾಗ್ಲೂ ಹೇಳ್ತಾಳೆ. ಆರು ವರ್ಷದಿಂದ ಹಾಸಿಗೇಲೇ ಇದಾಳೆ. ನಂಗೂ ಸಾಕಾಗಿದೆ. ಕುಂಡ ಬದಲಾಯಿಸ್ವಾಗ ಮರ ಹೋಯ್ತು ಅಂದ್ರೆ ಯಾರೂ ಕೇಳಲ್ಲ."

"ಹೆತ್ತೋಳನ್ನ ಕೊಲ್ಲೋಕೆ ನನ್ನ ಕತ್ತರಿ ಬೇಕೇನ್ರೀ? ಆಗಲ್ಲ, ಹೋಗಿ."

ಅವನು ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡು, ಬೇರುಗಳನ್ನೆಲ್ಲ ಬುಡದವರೆಗೂ ಕತ್ತರಿಸಿ ಹಾಕಿದ. ಸದ್ದು ಕೇಳಿ ಮುದುಕಿ ಒಳಗಿನಿಂದಲೇ ಕೂಗಿದಳು:

"ಅವರಿಗೆ ಹುಷಾರಾಗಿ ಕತ್ತರಿಸೋಕೆ ಹೇಳೋ ಪುಟ್ಟಾ, ನೀನು ಹುಟ್ಟಿದ ದಿನ ನಿನ್ನ ಆಯಸ್ಸಿಗೇ ಅಂತ ನೆಟ್ಟ ಮರ ಅದು!"