ಕೂತ ಅಳತೆ

ಗಂಡ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದ. ಹೆಂಡತಿ ಕೊರಳಲ್ಲಿದ್ದ ಟೇಪು ತೆಗೆದಳು.

“ಒಂದ್ನಿಮಿಷ ಇರಿ. ನಾನು ಅಳತೆ ನೋಡ್ಬೇಕು.”

ಹೊಲಿಗೆ ಅಂಗಡಿಗೆ ಬೀಗ ಜಡಿದು, ಗಂಡ, ಅತ್ತೆಯ ಜೊತೆ ನೇರ ಷೋರೂಮಿಗೆ ಬಂದವಳು. ಟೇಪು ಕೊರಳಲ್ಲೇ ಉಳಿದುಬಿಟ್ಟಿತ್ತು. ಎದುರಿಗೆ ಕಡುನೀಲಿ ಸೆಡಾನ್ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ಮೂರು ತಿಂಗಳಿಂದ ಗಂಡನಿಗೆ ಅದರದೇ ಜಪ. ಗೋಡೆ ಬದಿಗೆ ನಿಂತಿದ್ದ ಮಿನಿವ್ಯಾನನ್ನು ಅವಳು ತೋರಿಸಿದಾಗ, “ಅದಾ? ಡಬ್ಬ!” ಎಂದು ಮೂಗು ಮುರಿದಿದ್ದ.

ಟೈ ಕಟ್ಟಿದ್ದ ಮಾರಾಟಗಾರ ನಕ್ಕ. “ಅಳತೆ ಎಲ್ಲಾ ಈ ಪುಸ್ತಕದಲ್ಲೇ ಇದೆ ಮೇಡಂ. ಹಿಂದೆ ಮೂವರು ಆರಾಮಾಗಿ ಕೂರಬಹುದು.”

“ಅದು ಖಾಲಿ ಕಾರಿನ ಅಳತೆ. ನಿಂತಾಗ ಸರಿಯಾಗಿರೋ ಪ್ಯಾಂಟು ಕೂತಾಗ ಹರಿಯುತ್ತೆ. ಅದಕ್ಕೇ ನಾವು ಗಿರಾಕಿನ ಸ್ಟೂಲ್ ಮೇಲೆ ಕೂರಿಸಿ ಇನ್ನೊಂದು ಸಲ ಅಳೆಯೋದು. ಹತ್ತಿ ಸಾರ್, ನೀವೂ ಕೂತ್ಕೊಳ್ಳಿ, ಈ ಕಿಟಕಿ ನಿಮಗೆ. ಅತ್ತೆ, ನೀವು ಆ ಕಿಟಕಿ. ರೀ, ನೀವು ನಡುವೆ.”

“ನಾನ್ಯಾಕೆ ನಡುವೆ? ಓಡಿಸೋನು ನಾನು!”

“ಹತ್ತೋ ಸುಮ್ನೆ,” ಎಂದರು ಅತ್ತೆ. ಮಂಡಿನೋವಿನ ಜೀವ, ಬಾಗಿಲು ಹಿಡಿದು, ತಲೆ ತಗ್ಗಿಸಿ ಒಳಗೆ ಕುಸಿದರು. “ಅಯ್ಯಪ್ಪಾ, ಬಾವಿಗೆ ಇಳಿದ ಹಾಗಾಯ್ತು.”

ಹಳೆಯ ಕಾರು ಬಂದು ಹನ್ನೊಂದು ವರ್ಷ. ಅದರ ಸ್ಟೀರಿಂಗ್ ಗಂಡನದು, ಪಕ್ಕದ ಸೀಟು ಅತ್ತೆಯದು. ದೊಡ್ಡ ಮಗಳಿಗೆ ಗಾಳಿ ಬಾರದಿದ್ದರೆ ವಾಂತಿ, ಆದ್ದರಿಂದ ಒಂದು ಕಿಟಕಿ. ಅಕ್ಕನಿಗೆ ಕೊಟ್ಟದ್ದು ತನಗೂ ಬೇಕೆನ್ನುವ ಚಿಕ್ಕವಳಿಗೆ ಇನ್ನೊಂದು. ಇವಳಿಗೆ ಉಳಿದದ್ದು ನಡುವೆ, ಕಾಲಡಿಯ ನೆಲ ಉಬ್ಬಿದ ಜಾಗ. ಮಕ್ಕಳು ಅಮ್ಮನಿಗಿಂತ ಎತ್ತರವಾದರು, ಕಾಲೇಜಿಗೂ ಹೋದರು. ಅವಳು ಮಾತ್ರ ಅಲ್ಲೇ ಮಂಡಿ ಜೋಡಿಸಿ, ಭುಜ ಮುದುರಿ, ನಿದ್ದೆಗೆ ಜಾರಿದ ಎರಡು ತಲೆಗಳನ್ನು ಎರಡು ಹೆಗಲಿಗೆ ಹೊತ್ತು ಕೂತಿದ್ದಳು. ಯಾರಿಗೂ ಹೇಳಿರಲಿಲ್ಲ. ಕೇಳಿದ್ದರೆ ತಾನೇ ಹೇಳುವುದು?

ಈಗ ಅವಳು ಡ್ರೈವರ್ ಸೀಟನ್ನು ಹಿಂದಕ್ಕೆ ತಳ್ಳಿದಳು. ಗಂಡನ ಕಾಲಿನ ಉದ್ದ ಅವಳಿಗೆ ಬಾಯಿಪಾಠ. ಅವನ ಪ್ಯಾಂಟುಗಳನ್ನೆಲ್ಲ ಹೊಲಿದವಳು ಅವಳೇ. ಹಿಂದಿದ್ದ ಮಾರಾಟಗಾರ “ಅಮ್ಮಾ!” ಎಂದ. ಅವನ ಮಂಡಿಗೂ ಮುಂದಿನ ಸೀಟಿಗೂ ನಡುವೆ ಒಂದೂವರೆ ಇಂಚು. ಮೂವರ ಭುಜ ಸೇರಿ ಐವತ್ತಾರು, ಸೀಟಿನ ಅಗಲ ಐವತ್ತೆರಡು.

“ಆಯ್ತಲ್ಲ?” ಎಂದ ಗಂಡ.

“ಎಲ್ಲಿ ಆಯ್ತು? ಹತ್ತು ನಿಮಿಷ ಹಾಗೇ ಕೂತಿರಿ.”

ಅವಳು ಸ್ಟೀರಿಂಗ್ ಮುಂದೆ ಕೂತು ಕನ್ನಡಿ ಸರಿಮಾಡಿಕೊಂಡಳು. ಕನ್ನಡಿಯಲ್ಲಿ ಗಂಡ ಕಾಣಿಸಿದ. ಉಬ್ಬಿನ ಎರಡು ಬದಿಗೆ ಒಂದೊಂದು ಕಾಲು, ಎದೆಯ ಹತ್ತಿರಕ್ಕೆ ಮಂಡಿಗಳು, ಎಲ್ಲಿಡಬೇಕೆಂದು ತಿಳಿಯದ ಎರಡು ಕೈ.

ನಾಲ್ಕನೇ ನಿಮಿಷಕ್ಕೆ ಅವನು ಬಾಯಿಬಿಟ್ಟ. “ಸೊಂಟ ಹಿಡೀತು ಕಣೇ.”

“ಇಷ್ಟಕ್ಕೇನಾ? ನಿಮ್ಮ ಅಕ್ಕನ ಮನೆಗೆ ಐದು ಗಂಟೆ ದಾರಿ.”

ಅತ್ತೆ ಮಗನನ್ನು ನೋಡಿದರು, ಮತ್ತೆ ಸೊಸೆಯತ್ತ ತಿರುಗಿದರು. “ಇಷ್ಟು ವರ್ಷ ನೀನು ಇಲ್ಲೇ ಅಲ್ವೇನೇ ಕೂತಿದ್ದು?”

ಕನ್ನಡಿಯಲ್ಲಿ ಗಂಡನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು.

ಮಿನಿವ್ಯಾನಿನ ಬಾಗಿಲು ಪಕ್ಕಕ್ಕೆ ಸರಿಯಿತು. ಅತ್ತೆ ಬಗ್ಗಲೂ ಇಲ್ಲ, ಕುಸಿಯಲೂ ಇಲ್ಲ. ಸೊಂಟದ ಎತ್ತರಕ್ಕೇ ಇದ್ದ ಸೀಟಿನ ಮೇಲೆ ಅಡಿಗೆಮನೆಯ ಕುರ್ಚಿಯಲ್ಲಿ ಕೂತ ಹಾಗೆ ಕೂತರು. ಒಳಗೆ ಮೂರು ಬೇರೆ ಬೇರೆ ಸೀಟು, ಮೂರೂ ಒಂದೇ ಅಗಲ. ಉಬ್ಬಿಲ್ಲ, ಮನೆಯೊಳಗಿನ ಹಾಗೆ ಸಮನಾದ ನೆಲ. ಮಂಡಿಯ ಮುಂದೆ ಆರು ಇಂಚು. ಮಾರಾಟಗಾರ ಹುರುಪಿನಿಂದ ಬಣ್ಣಿಸತೊಡಗಿದ: “ಕೊನೇ ಸಾಲಲ್ಲೂ ಇಬ್ಬರು ರಾಜರ ಹಾಗೆ ಕೂರಬಹುದು ಮೇಡಂ!”

ಅವಳು ಅಲ್ಲಿಗೂ ತೂರಿ ಟೇಪು ಹಿಡಿದಳು. “ಸೀಟು ನೆಲಕ್ಕೇ ಅಂಟಿದೆ, ತೊಡೆಗೆ ಆಧಾರವೇ ಇಲ್ಲ. ರಾಜರು ಬೇಡ, ನಮ್ಮ ಚೀಲಗಳು ಕೂರಲಿ.”

ಹೊರಗೆ ಬಂದು ನೋಡಿದರೆ, ಯಾರೂ ಹೇಳದೆ ಗಂಡ ನಡುವಿನ ಸೀಟಿನಲ್ಲಿ ಕೂತಿದ್ದ. ಕಾಲು ಚಾಚಿದ, ಮಡಿಸಿದ, ಮತ್ತೆ ಚಾಚಿದ. ಕಿಟಕಿಯಾಚೆ ಹೊಳೆಯುತ್ತಿದ್ದ ನೀಲಿ ಕಾರನ್ನು ಒಂದು ಗಳಿಗೆ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡ. “ಈ ಡಬ್ಬಾನೇ ಬರ್ಕೊಳ್ರಿ.”

ಅವಳು ಟೇಪನ್ನು ಕೊರಳಿಗೆ ಹಾಕಿಕೊಂಡಳು. ಯಾವ ರಾಣಿಯೂ ಹಾರವನ್ನು ಹಾಗೆ ಹಾಕಿಕೊಂಡಿರಲಾರಳು.

ಮನೆಗೆ ಹೊರಟಾಗ ಅತ್ತೆ ಹಳೆಯ ಕಾರಿನ ಮುಂದೆ ಕೂತರು. ಅವಳು ಹಿಂದೆ ಹತ್ತಿ ಬಾಗಿಲೆಳೆದುಕೊಂಡಳು. ಗಂಡ ಎಂಜಿನ್ ಚಾಲೂ ಮಾಡಿ, ಕನ್ನಡಿ ನೋಡಿ, ಗೇರು ಹಾಕದೆ ಹಾಗೇ ಕೂತ.

“ಹಿಂದೆ ಯಾರೂ ಇಲ್ವಲ್ಲೇ,” ಎಂದ ಮೆಲ್ಲಗೆ. “ಕಿಟಕಿ ಹತ್ರ ಕೂತ್ಕೋ.”

ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಎರಡು ಕಡೆಯೂ ಖಾಲಿ. ಅವಳು ಮಾತ್ರ ಮಂಡಿ ಜೋಡಿಸಿ ಉಬ್ಬಿನ ಮೇಲೆ. ಒಮ್ಮೆಲೇ ಗಟ್ಟಿಯಾಗಿ ನಗು ಬಂತು. ಪಕ್ಕಕ್ಕೆ ಸರಿದು, ಗಾಜನ್ನು ಪೂರ್ತಿ ಇಳಿಸಿದಳು. ಕಾರು ದೊಡ್ಡ ರಸ್ತೆಗೆ ತಿರುಗುತ್ತಲೇ ಗಾಳಿ ನುಗ್ಗಿತು. ಕೊರಳಿನ ಟೇಪಿನ ತುದಿ ಕಿಟಕಿಯಾಚೆ ಹಾರಿ ಪಟಪಟ ಬಡಿಯತೊಡಗಿತು. ಅವಳು ಅದನ್ನು ಒಳಗೆ ಎಳೆದುಕೊಳ್ಳಲಿಲ್ಲ.