ಇಪ್ಪತ್ತನೆಯ ಉಂಡೆ

ಫ್ರಿಜ್ಜಿನಿಂದ ತೆಗೆದ ತಟ್ಟೆಯಲ್ಲಿ ಹತ್ತೊಂಬತ್ತು ಉಂಡೆಗಳಿದ್ದವು. ಅರ್ಧ ಗಂಟೆ ಹಿಂದೆ ಅಮ್ಮ ಒಳಗಿಟ್ಟಾಗ ಇಪ್ಪತ್ತಿದ್ದವು, ಐದರಂತೆ ನಾಲ್ಕು ಸಾಲು. ಔಷಧಿ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಮಾತ್ರೆ ಎಣಿಸುವ ಕೈ ಅದು, ಸುಲಭಕ್ಕೆ ತಪ್ಪುವುದಲ್ಲ. ಆದರೂ ಅವಳು ಬೆರಳು ತೋರಿಸುತ್ತ ಮತ್ತೊಮ್ಮೆ ಎಣಿಸಿದಳು.

"ರೀ, ನೀವೇನಾದ್ರೂ ಒಂದು ತಗೊಂಡ್ರಾ?"

"ನಾನಾ? ಛೇ, ಛೇ," ಎಂದ ಅಪ್ಪ, ಊಟದ ಮೇಜಿನ ಬಳಿ ಓದುತ್ತಿದ್ದ ಪೇಪರಿನಿಂದ ತಲೆ ಎತ್ತದೆ.

ತಿಂದವನು ಅವನೇ. ಹತ್ತು ನಿಮಿಷದ ಹಿಂದೆ, ಅವಳು ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ, ಫ್ರಿಜ್ಜಿನ ಮುಂದೆ ನಿಂತೇ ಒಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡಿದ್ದ. ಹೋದ ವಾರ ಸಕ್ಕರೆ ಕಾಯಿಲೆಯ ರಿಪೋರ್ಟ್ ಬಂದಾಗ ಮಗಳ ತಲೆ ಮುಟ್ಟಿ, ಇನ್ನು ಸಿಹಿ ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದ ಮನುಷ್ಯ. ಆರೇ ದಿನ. ಒಂದು ಉಂಡೆಯನ್ನು ಯಾರು ಲೆಕ್ಕ ಇಡುತ್ತಾರೆ ಎಂದುಕೊಂಡಿದ್ದ ಪುಣ್ಯಾತ್ಮ, ಕಟ್ಟಿಕೊಂಡ ಹೆಂಡತಿ ಯಾರೆಂಬುದನ್ನೇ ಮರೆತು.

ಆದರೆ ಅಮ್ಮನ ತಲೆಯಲ್ಲಿ ಇದ್ದದ್ದು ಸಕ್ಕರೆಯಲ್ಲ. ಉಂಡೆ ಪೀನಟ್ ಬಟರಿನದು. ಆ ಮನೆಯೊಳಗೆ ಎರಡು ವರ್ಷದಿಂದ ಒಂದು ಕಡಲೆಕಾಯಿ ಸಿಪ್ಪೆಯೂ ಬಂದಿರಲಿಲ್ಲ, ಏಕೆಂದರೆ ಅವರು ಗುಬ್ಬಿ ಎಂದು ಕರೆಯುವ ಆರು ವರ್ಷದ ಮಗಳಿಗೆ ಅದು ವಿಷ. ಯಾರದೋ ಹುಟ್ಟುಹಬ್ಬದಲ್ಲಿ ಒಂದು ಬಿಸ್ಕತ್ತು ತಿಂದು, ಹತ್ತೇ ನಿಮಿಷದಲ್ಲಿ ಗಂಟಲು ಕಟ್ಟಿ, ತುಟಿ ನೀಲಿಯಾಗಿ ಆಸ್ಪತ್ರೆ ಸೇರಿದ್ದಳು. ಈಗ, ಬೆಳಗಿನಿಂದ ಈಜುಕೊಳದಲ್ಲೇ ಇರುವ ದೊಡ್ಡ ಮಗನಿಗೆ ಈಜು ಸ್ಪರ್ಧೆ, ಮೈಗೆ ಶಕ್ತಿ ಬರಲು ಈ ಉಂಡೆಯೇ ಬೇಕಂತೆ. "ಒಲೆ ಹಚ್ಚೋದೂ ಬೇಡಮ್ಮ, ಬರೀ ಕಲಸಿ ಉಂಡೆ ಕಟ್ಟೋದು" ಎಂದು ಅವನು ತಿಂಗಳಿಂದ ಪ್ರಾಣ ತಿಂದಿದ್ದ. ಕೊನೆಗೆ ಸೋತ ಅಮ್ಮ, ಗುಬ್ಬಿಯನ್ನು ಕೆಳಗೆ ಆಡಲು ಕಳಿಸಿ, ಓಟ್ಸ್, ಜೇನುತುಪ್ಪ, ಚಾಕೊಲೇಟ್ ಚೂರು ಎಲ್ಲ ಸೇರಿಸಿ ಕಲಸಿದ್ದಳು. ಪಾತ್ರೆ ಎರಡು ಸಲ, ಕೈ ಮೂರು ಸಲ ತೊಳೆದಿದ್ದಳು. ತಟ್ಟೆಯನ್ನು ಫ್ರಿಜ್ಜಿನೊಳಗೆ ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ ಇಟ್ಟಿದ್ದಳು. ಕುರ್ಚಿ ಹತ್ತುವ ವಿದ್ಯೆ ಗುಬ್ಬಿಗೆ ಹೊಸದೇನಲ್ಲ.

ಗುಬ್ಬಿ ಆಗಷ್ಟೇ ಮೇಲೆ ಬಂದು, ಫ್ರಿಜ್ಜಿನಿಂದ ತಾನೇ ತೆಗೆದುಕೊಂಡ ನೀರಿನ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕುಣಿದು ಬಂದ ಮುಖ ಕೆಂಪಾಗಿತ್ತು. ಕತ್ತು ಕೆರೆದುಕೊಳ್ಳುತ್ತಿದ್ದಳು.

"ಗುಬ್ಬಿ, ಇದನ್ನ ತಿಂದ್ಯಾ?"

"ಇಲ್ಲಮ್ಮ."

"ನಿಜ ಹೇಳು ಕಂದ, ಬಯ್ಯಲ್ಲ."

"ಇಲ್ಲ ಅಂದ್ನಲ್ಲ!"

"ಮತ್ತೆ ಕತ್ತು ಯಾಕೆ ಕೆರ್ಕೋತಿದ್ದೀಯ?"

"ಬೆವರು."

"ಅವಳು ನೀರು ತಗೊಂಡಿದ್ದಷ್ಟೇ ಕಣೇ, ನಾನೇ ನೋಡ್ದೆ," ಎಂದ ಅಪ್ಪ.

"ಪೇಪರಲ್ಲಿ ಮುಳುಗಿದ್ರೆ ಮನೆಗೆ ಬೆಂಕಿ ಬಿದ್ರೂ ನಿಮಗೆ ಗೊತ್ತಾಗಲ್ಲ," ಎನ್ನುತ್ತ ಅಮ್ಮ ಕಪಾಟಿನ ಮೇಲಿನ ಡಬ್ಬಿ ಇಳಿಸಿದಳು. ಒಳಗೆ ಪೆನ್ನಿನಂಥ ಇಂಜೆಕ್ಷನ್ ಇತ್ತು. ತಿಂದಿದ್ದಾಳೆ ಎಂದು ಗೊತ್ತಾದರೆ ಉಸಿರು ಕಟ್ಟುವವರೆಗೂ ಕಾಯಬೇಡಿ, ತೊಡೆಗೆ ಚುಚ್ಚಿಬಿಡಿ ಎಂದು ಡಾಕ್ಟರು ಹೇಳಿದ್ದರು.

ಅಪ್ಪ ಪೇಪರು ಬಿಟ್ಟು ಎದ್ದು ನಿಂತ. ಹೇಳಬೇಕು, ಈಗಲೇ ಹೇಳಬೇಕು. ಮಗಳ ತಲೆ ಮುಟ್ಟಿ ಮಾಡಿದ ಆಣೆ, ಹೆಂಡತಿಯ ನೋಟ, ಇನ್ನೊಂದು ವರ್ಷ ಕೇಳಬೇಕಾದ ಮೂದಲಿಕೆ, ಎಲ್ಲ ಸೇರಿ ನಾಲಿಗೆಯನ್ನು ಹಿಡಿದೆಳೆದವು. ಅಮ್ಮ ಪೆನ್ನಿನ ಮುಚ್ಚಳ ಕಿತ್ತಾಗಲೇ ಬಾಯಿ ಬಿಟ್ಟಿದ್ದು.

"ತಡಿಯೇ, ತಿಂದಿದ್ದು ನಾನು. ಅವಳಲ್ಲ."

ಅಮ್ಮ ತಿರುಗಿಯೂ ನೋಡಲಿಲ್ಲ. "ಶುರುವಾಯ್ತಾ ನಿಮ್ದು? ಜಗ್ ಒಡೆದಿದ್ದು ನೀವು, ಗೋಡೆ ಮೇಲೆ ಗೀಚಿದ್ದು ನೀವು, ನನ್ನ ಕನ್ನಡಕ ತುಳಿದಿದ್ದೂ ನೀವೇ. ಅವಳಿಗೊಂದು ಏಟು ಬೀಳುತ್ತೆ ಅಂದ್ರೆ ಸಾಕು, ಎಲ್ಲ ತಪ್ಪೂ ನಿಮ್ಮ ತಲೆ ಮೇಲೆ. ಇದು ಏಟಲ್ಲ ರೀ, ಅವಳ ಉಸಿರು!"

"ದೇವರಾಣೆಗೂ ಕಣೇ..."

"ಮತ್ತೆ ಕೇಳಿದಾಗ ಯಾಕೆ ಇಲ್ಲ ಅಂದ್ರಿ?"

"ಆಣೆ ಮಾಡಿದ್ನಲ್ಲ. ನಾಚಿಕೆ ಆಯ್ತು."

"ಇವಳ ತಲೆ ಮುಟ್ಟಿ ಹೇಳಿದ ಮಾತನ್ನ ಆರು ದಿನಕ್ಕೆ ಮುರಿಯೋರಲ್ಲ ನೀವು. ನನಗೆ ಗೊತ್ತಿಲ್ವಾ? ಸುಮ್ನಿರಿ."

ಮುಂದೆ ನುಗ್ಗಿ ಮಗಳನ್ನು ಎಳೆದುಕೊಳ್ಳೋಣವೆಂದರೆ, ಕಡಲೆಕಾಯಿ ಮುಟ್ಟಿದ ಕೈ ಅದು. ಅವನು ಎರಡು ಹೆಜ್ಜೆ ಇಟ್ಟು ಅಲ್ಲೇ ನಿಂತುಬಿಟ್ಟ. ಕಣ್ಣಲ್ಲಿ ನೀರು ತುಂಬಿತು.

ಗುಬ್ಬಿ ಅವನ ಮುಖವನ್ನೇ ನೋಡುತ್ತಿದ್ದಳು. ಅಪ್ಪ ಅಳುವುದನ್ನು ಅವಳು ಯಾವತ್ತೂ ಕಂಡಿರಲಿಲ್ಲ.

"ಅಪ್ಪಂಗೆ ಬಯ್ಬೇಡಮ್ಮ," ಎಂದಳು. "ನಾನೇ ತಿಂದೆ."

ಟಕ್ಕೆಂದು ಸದ್ದಾಯಿತು. ಅಮ್ಮ ಪೆನ್ನನ್ನು ಆ ಪುಟ್ಟ ತೊಡೆಗೆ ಒತ್ತಿ ಹಿಡಿದು ಹತ್ತರವರೆಗೆ ಎಣಿಸಿದಳು. ಗುಬ್ಬಿ ಅಳಲಿಲ್ಲ, ತುಟಿ ಕಚ್ಚಿಕೊಂಡಳು. "ಜಾಣೆ, ನನ್ನ ಜಾಣೆ," ಎನ್ನುತ್ತ ಅಮ್ಮ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಆಂಬ್ಯುಲೆನ್ಸಿಗೆ ಫೋನ್ ಮಾಡಲು ಹೊರಗಿನ ಕೋಣೆಗೆ ಓಡಿದಳು.

ಅಪ್ಪ ಮಗಳ ಎದುರು ನೆಲದ ಮೇಲೆ ಕುಳಿತ. ಗುಬ್ಬಿ ಎರಡೂ ಕೈಯಿಂದ ತೊಡೆಯನ್ನು ಒತ್ತಿಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ ಪಿಸುಗುಟ್ಟಿದಳು.

"ಅಪ್ಪಾ, ಬೇಗ ಮೀಸೆ ಮೇಲಿರೋ ಚಾಕೊಲೇಟ್ ಒರೆಸ್ಕೋ. ಅಮ್ಮ ಬರ್ತಾಳೆ."